ಹುನಗುಂದದ ಮಳೆ, ಕರಿಯಾಕೂ ಗಾಳಿ

ಹುನಗುಂದ
14 ಸೆಪ್ಟೆಂಬರ್ 2023

ಮುಬಶೀರಾ ಬೇಟಿಗೆ ಅಮ್ಮಿಯ ದುವಾ.

ಫೋನಿನಲ್ಲಿ ನಿನ್ನ ದನಿ ಬರುತ್ತದೆ, ಮಾತು ಬರುವುದಿಲ್ಲ. ದವಾಖಾನೆಯವರು ಕೊಟ್ಟ ಕಿವಿಯ ಮಷಿನ್ನು ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸರ್ ಕೇಳಿಸುತ್ತದೆ, ನೀನು ಕೇಳಿಸುವುದಿಲ್ಲ. ಎದುರಿಗೆ ಕೂತವರ ತುಟಿ ನೋಡಿ ಮಾತು ಹಿಡಿಯುತ್ತೇನೆ, ಫೋನಿನಲ್ಲಿ ಅದೂ ಆಗದು. ಅದಕ್ಕೇ ಬರೆಯಲು ಕೂತಿದ್ದೇನೆ. ಬರೆದ ಹಾಳೆಯ ಫೋಟೋ ತೆಗೆದು ನಿನ್ನ ಅತ್ತಿಗೆ ಆರಿಫಾ ಕಳಿಸುತ್ತಾಳೆ. ನೀನೂ ಹಾಗೇ ಮಾಡು. ಆರಾಮ ಇದ್ದೇನೆ, ಊಟ ಮಾಡಿದೆ ಎಂದು ಎರಡು ಸಾಲು ಗೀಚಿ ಕಳಿಸಬೇಡ. ನರ್ಸ್ ಕೆಲಸಕ್ಕೆಂದು ಗ್ರೆನಡಾ ದೇಶದ ಆ ಸಣ್ಣ ದ್ವೀಪಕ್ಕೆ ಹೋಗಿ ವರ್ಷವಾಯಿತು, ಅದು ಹೇಗಿದೆ ಎಂಬುದೇ ನನಗೆ ಗೊತ್ತಿಲ್ಲ.

ಇಲ್ಲಿ ಆಗಸ್ಟ್ ಪೂರ್ತಿ ಒಣಗಿಯೇ ಹೋಯಿತು. ಹೆಸರು ಹೂವಾಡುವ ಹೊತ್ತಿಗೆ ಬಾಡಿತು. ಹಿಂಗಾರಿ ಜೋಳ ಬಿತ್ತಲು ಎರೆ ಹೊಲದಲ್ಲಿ ಹಸಿ ಬೇಕಲ್ಲ, ಅದೂ ಇಲ್ಲ. ಐಹೊಳೆಯ ಕಡೆ ಹೋಗಿದ್ದವರು ಮಲಪ್ರಭೆಯಲ್ಲಿ ದನ ಮೇಯುತ್ತಿವೆ ಎಂದರು. ಟಿವಿಯಲ್ಲಿ ದಿನಾ ಎಲ್ ನಿನೊ, ಎಲ್ ನಿನೊ ಎನ್ನುತ್ತಾರೆ. ನಮ್ಮ ರೊಟ್ಟಿ ಕೇಂದ್ರದ ರಂಗವ್ವ ಹಂಚಿನ ಮುಂದೆ ಕೂತು ಕೇಳಿದಳು: "ಯಾರಬೇ ಅಂವಾ ಎಲ್ ನಿನೊ? ಹೊಸಾ ತಹಸೀಲ್ದಾರ ಏನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನು ಯಾರೆಂದು ನನಗೂ ಗೊತ್ತಿರಲಿಲ್ಲ.

ಜೋಳದ ದರ ಏರಿದೆ. ನಿನ್ನ ಅಣ್ಣ ಜಹೀರ, "ರೊಟ್ಟಿ ಸ್ವಲ್ಪ ಸಣ್ಣು ಮಾಡ್ರಿ ಅಮ್ಮಿ, ಯಾರಿಗೂ ಗೊತ್ತಾಗೂದಿಲ್ಲ" ಎಂದ. ಇಳಕಲ್ಲಿನಲ್ಲಿ ಗ್ರಾನೈಟ್ ಕೊಯ್ಯುವವನಿಗೆ ರೊಟ್ಟಿಯ ವಿಷಯ ಏನು ಗೊತ್ತು? ಮಾಡಲಿಲ್ಲ.

ನಿಮ್ಮಲ್ಲಿ ಮಳೆ ಹೇಗಿದೆ, ಬರಿ.

ನಿನ್ನ ಅಮ್ಮಿ
ದೌಲತಬಿ


ಕರಿಯಾಕೂ
2 ಅಕ್ಟೋಬರ್ 2023

ಅಮ್ಮಿಗೆ ಸಲಾಂ.

ನಿನ್ನ ಕೈಬರಹ ನೋಡಿ ಬಹಳ ದಿನವಾಗಿತ್ತು. ವಾರ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಇದು ಚಿತ್ರವೋ ಅಕ್ಷರವೋ ಎಂದು ಕೇಳಿದರು.

ಊರು ಹೇಗಿದೆ ಎಂದೆಯಲ್ಲ. ಸಣ್ಣದು. ಆಸ್ಪತ್ರೆ ಗುಡ್ಡದ ಮೇಲಿದೆ. ಅಂಗಳದಲ್ಲಿ ನಿಂತರೆ ಎರಡೂ ಕಡೆ ಸಮುದ್ರ ಕಾಣುತ್ತದೆ. ಸುತ್ತ ಇಷ್ಟು ನೀರು, ಕುಡಿಯಲು ಮಾತ್ರ ಇಲ್ಲ. ಹೊಳೆ ಇಲ್ಲ, ಹಳ್ಳ ಇಲ್ಲ. ಪ್ರತಿ ಮನೆಯವರೂ ತಗಡಿನ ಮೇಲೆ ಬಿದ್ದ ಮಳೆಯನ್ನು ಕೊಳವೆಯಲ್ಲಿ ಇಳಿಸಿ ಮನೆಯ ಬುಡದ ಸಿಮೆಂಟಿನ ಟಾಕಿಯಲ್ಲಿ ತುಂಬಿಸಿಕೊಳ್ಳುತ್ತಾರೆ. ನೀನು ಇಲ್ಲಿ ಬಂದರೆ ಒಂದೇ ದಿನಕ್ಕೆ ಹೊಂದಿಕೊಳ್ಳುತ್ತೀ. ಕೊಡ ತೊಳೆದ ನೀರು ಚೆಲ್ಲಿದರೆ ಇಲ್ಲಿಯ ಮುದುಕಿಯರೂ ನಿನ್ನ ಹಾಗೇ ಬಯ್ಯುತ್ತಾರೆ.

ರಂಗವ್ವನಿಗೆ ಹೇಳು, ಎಲ್ ನಿನೊ ತಹಸೀಲ್ದಾರನಲ್ಲ. ಪೆಸಿಫಿಕ್ ಎಂಬ ದೊಡ್ಡ ಸಮುದ್ರದ ನಡುಭಾಗದ ನೀರು ಕೆಲವು ವರ್ಷ ಇರಬೇಕಾದದ್ದಕ್ಕಿಂತ ಹೆಚ್ಚು ಕಾಯುತ್ತದೆ. ಅದಕ್ಕೆ ಎಲ್ ನಿನೊ ಎಂದು ಹೆಸರು. ಅದು ನಮ್ಮ ಹುನಗುಂದಕ್ಕೂ ದೂರ, ಈ ದ್ವೀಪಕ್ಕೂ ದೂರ. ಆದರೂ ಅದು ಕಾದ ವರ್ಷ ಅಲ್ಲಿ ನಿಮ್ಮ ಮುಂಗಾರು ಸೊರಗುವುದು ಹೆಚ್ಚು. ಇಲ್ಲಿ ಅಟ್ಲಾಂಟಿಕ್ ಮೇಲೆ, ಎತ್ತರದಲ್ಲಿ, ಗಾಳಿ ಜೋರಾಗಿ ಅಡ್ಡ ಬೀಸುತ್ತದೆ. ಆ ಅಡ್ಡಗಾಳಿಗೆ ಚಂಡಮಾರುತ ಎದ್ದು ನಿಲ್ಲಲಾಗದೆ ಚದುರುತ್ತದೆ. ಅಂದರೆ ನಿಮಗೆ ಕೆಟ್ಟ ವರ್ಷ, ನಮಗೆ ಒಳ್ಳೆಯ ವರ್ಷ. ಹೀಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ಈ ಸಲ ಅಟ್ಲಾಂಟಿಕ್ ನೀರೂ ಬಿಸಿಯಾಗಿದೆಯಂತೆ, ಆದ್ದರಿಂದ ಎಲ್ ನಿನೊ ಇದ್ದೂ ಬಹಳ ಬಿರುಗಾಳಿಗಳು ಹುಟ್ಟಿವೆ. ಹೆಚ್ಚಿನವು ನಮ್ಮನ್ನು ಬಿಟ್ಟು ಉತ್ತರಕ್ಕೆ ತಿರುಗಿ ಹೋದವು.

ಆಸ್ಪತ್ರೆಯ ಕಿಟಕಿಗಳಿಗೆ ಹಲಗೆ ಕೂಡಿಸುವ ಬಡಗಿಯೊಬ್ಬನಿದ್ದಾನೆ, ಕೆಲ್ವಿನ್ ಎಂದು. ಮೊದಲು ದೋಣಿ ಕಟ್ಟುತ್ತಿದ್ದವನು. "ಗಾಳಿ ಬರುವುದು ಖಾತ್ರಿ, ಯಾವ ವರ್ಷ ಎಂಬುದು ಖಾತ್ರಿಯಿಲ್ಲ, ಅದಕ್ಕೇ ನನಗೆ ಕೂಳು" ಎನ್ನುತ್ತಾನೆ.

ರೊಟ್ಟಿ ಸಣ್ಣದು ಮಾಡದಿದ್ದದ್ದು ಒಳ್ಳೆಯದಾಯಿತು.

ನಿನ್ನ
ಮುಬಶೀರಾ


ಹುನಗುಂದ
20 ನವೆಂಬರ್ 2023

ಮುಬಶೀರಾ ಬೇಟಿಗೆ ದುವಾ.

ನಿನ್ನ ಗೆಳತಿ ನೇತ್ರಾ ಬಂದಿದ್ದಳು. ಈಗ ಬಾಗಲಕೋಟೆಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ, ನಿನಗೆ ಗೊತ್ತೇ ಇದೆ. ಬಾದಾಮಿಗೆ ತವರಿಗೆ ಹೋಗುವಾಗಲೆಲ್ಲ ಸುತ್ತು ಹಾಕಿಕೊಂಡಾದರೂ ಬಂದು ಕಡಕ್ ರೊಟ್ಟಿ ಒಯ್ಯುತ್ತಾಳೆ. ನಿನ್ನ ಪತ್ರ ತೋರಿಸಿದೆ. "ಖರೆ ಬರದಾಳ್ರಿ ಅಮ್ಮಿ" ಎಂದಳು.

ಆ ಅಡ್ಡಗಾಳಿಯ ವಿಷಯ ನನಗೆ ತಿಳಿಯಲಿಲ್ಲ ಎಂದೆ. ಅವಳು ಕಾಗದದ ಮೇಲೆ ಚಿತ್ರ ಬಿಡಿಸಿದಳು. ಬಿಸಿ ನೀರಿನ ಹಬೆ ಮೇಲಕ್ಕೆ ನೆಟ್ಟಗೆ ಏರಬೇಕು, ಸುತ್ತ ತಿರುಗಬೇಕು, ಮೇಲಿನ ತನಕ ಕಂಬದ ಹಾಗೆ ನಿಲ್ಲಬೇಕು. ಮೇಲೆ ಒಂದು ಕಡೆಗೆ, ಕೆಳಗೆ ಒಂದು ಕಡೆಗೆ ಗಾಳಿ ಎಳೆದರೆ ಕಂಬ ವಾಲುತ್ತದೆ. ಆಗ ನನಗೆ ಹೊಳೆಯಿತು. ಉಬ್ಬುತ್ತಿರುವ ರೊಟ್ಟಿಗೆ ಉಗುರು ತಾಗಿದರೆ ಹಬೆ ಪುಸ್ಸೆಂದು ಹೋಗಿ ರೊಟ್ಟಿ ಕೂತುಬಿಡುತ್ತದಲ್ಲ, ಹಾಗೋ ಎಂದು ಕೇಳಿದೆ. ನೇತ್ರಾ ಚಿತ್ರದ ಪಕ್ಕದಲ್ಲಿ ಒಂದು ರೊಟ್ಟಿಯನ್ನೂ ಬಿಡಿಸಿ, "ಹಂಗಽ ಅಂತೀನಿ ನಾಳೆ ಕ್ಲಾಸಿನ್ಯಾಗ" ಎಂದಳು.

ಇನ್ನೊಂದು ಮಾತು. ಬಾಗಲಕೋಟೆಯ ನವನಗರದಲ್ಲಿ ಇಬ್ರಾಹಿಂಸಾಬ ಎಂಬುವರಿದ್ದಾರೆ. ಹೆಂಡತಿ ತೀರಿಕೊಂಡು ಎರಡು ವರ್ಷ. ಹಾರ್ಡ್‌ವೇರ್ ಅಂಗಡಿ ಇದೆ. ಒಳ್ಳೆಯ ಮನುಷ್ಯ ಎಂದು ಜಹೀರ ಹೇಳುತ್ತಾನೆ. ನಿನ್ನ ತಲಾಖ್ ಆಗಿ ಎಷ್ಟು ವರ್ಷವಾಯಿತು ಎಂದು ನಾನು ಲೆಕ್ಕ ಹೇಳುವುದಿಲ್ಲ. ಮುಂದಿನ ವರ್ಷ ರಜೆಗೆ ಬರುತ್ತೀಯಲ್ಲ, ಆಗ ಬರೀ ನೋಡುವುದು. ನೋಡಿದರೆ ಏನೂ ಸವೆಯುವುದಿಲ್ಲ.

ನಿನ್ನ ಅಮ್ಮಿ
ದೌಲತಬಿ


ಕರಿಯಾಕೂ
25 ಏಪ್ರಿಲ್ 2024

ಅಮ್ಮಿಗೆ ಸಲಾಂ.

ಉತ್ತರ ತಡವಾಯಿತು. ಕೆಲಸ ಹೆಚ್ಚಿತ್ತು. ಈದ್‌ಗೆ ನೀನು ಕಳಿಸಿದ ಫೋಟೋಗಳಲ್ಲಿ ಬಡವಾಗಿ ಕಂಡೆ. ರೋಜಾ ಹಿಡಿದು ಹಂಚಿನ ಮುಂದೆ ಕೂರಬೇಡ ಎಂದು ಎಷ್ಟು ಸಲ ಹೇಳಬೇಕು?

ರಜೆ ಮಂಜೂರಾಗಿದೆ. ಜುಲೈ ಮೂರಕ್ಕೆ ಇಲ್ಲಿಂದ ಹೊರಡುತ್ತೇನೆ, ಎರಡು ತಿಂಗಳು ಇರುತ್ತೇನೆ. ಇಬ್ರಾಹಿಂಸಾಬರ ವಿಷಯ ಬಂದ ಮೇಲೆ ಮಾತಾಡೋಣ.

ಕಳೆದ ವಾರ ಹವಾಮಾನದ ಕಚೇರಿಯಿಂದ ಒಬ್ಬರು ಬಂದು ನಮಗೆಲ್ಲ ತರಬೇತಿ ಕೊಟ್ಟರು. ಪೆಸಿಫಿಕ್ ತಣ್ಣಗಾಗುತ್ತಿದೆ, ಎಲ್ ನಿನೊ ಮುಗಿಯುತ್ತಿದೆ. ವರ್ಷದ ಕೊನೆಯೊಳಗೆ ಅದರ ತಂಗಿ ಲಾ ನಿನಾ ಬರಬಹುದು. ಆಗ ಆ ಅಡ್ಡಗಾಳಿ ಇರುವುದಿಲ್ಲ. ರೊಟ್ಟಿಗೆ ಉಗುರು ತಾಗಿಸುವವರು ಯಾರೂ ಇಲ್ಲ, ನಿನ್ನ ಮಾತಿನಲ್ಲಿ ಹೇಳುವುದಾದರೆ. ಅಷ್ಟೇ ಅಲ್ಲ, ಅಟ್ಲಾಂಟಿಕ್ ನೀರು ಈಗಲೇ ಮಳೆಗಾಲದ ನಡುವಿನಷ್ಟು ಬಿಸಿಯಾಗಿದೆ. ಈ ವರ್ಷ ಚಂಡಮಾರುತಗಳು ಹೆಚ್ಚು ಎಂದು ಎಲ್ಲ ಕಡೆಯವರೂ ಹೇಳುತ್ತಿದ್ದಾರೆ. ಯಾರೋ ಕೇಳಿದರು, ನಮ್ಮ ದ್ವೀಪಕ್ಕೆ ಬರುತ್ತದೋ ಎಂದು. ಅದನ್ನು ಈಗ ಹೇಳಲು ಯಾರಿಗೂ ಬರುವುದಿಲ್ಲ ಎಂದರು. ಜಾತ್ರೆಗೆ ಜನ ಹೆಚ್ಚು ಬರುತ್ತಾರೆ ಎನ್ನಬಹುದು, ನಿಮ್ಮ ಮನೆಗೆ ಯಾರು ಊಟಕ್ಕೆ ಬರುತ್ತಾರೆ ಎನ್ನಲಾಗದು. ಈ ಮಾತು ನನ್ನದು, ಅವರದಲ್ಲ.

ಕೆಲ್ವಿನ್ ಈಗಲೇ ಕಿಟಕಿಗಳಿಗೆಲ್ಲ ಹೊಸ ಹಲಗೆ ಅಳತೆ ಮಾಡಿ ಕೊಯ್ದು ಇಟ್ಟಿದ್ದಾನೆ. ನನ್ನ ಬಾಡಿಗೆ ಮನೆಯ ಹಿಂಬಾಗಿಲಿಗೂ ಒಂದು ಮಾಡಿಕೊಟ್ಟ.

ನಿನ್ನ
ಮುಬಶೀರಾ


ಹುನಗುಂದ
16 ಜೂನ್ 2024

ಮುಬಶೀರಾ ಬೇಟಿಗೆ ದುವಾ.

ನಾಳೆ ಬಕ್ರೀದ್. ಮನೆಯಲ್ಲಿ ಗದ್ದಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮಳೆ ಬಂತು. ಜೂನ್ ಮೊದಲ ವಾರದಿಂದಲೇ ಹಿಡಿದಿದೆ. ಹೊಲದವರೆಲ್ಲ ಹೆಸರು, ತೊಗರಿ ಬಿತ್ತಿದರು. ರಂಗವ್ವ ಎರಡು ದಿನ ಕೆಲಸಕ್ಕೆ ಬರಲಿಲ್ಲ, ಬಂದವಳೇ "ಅಂವಾ ತಹಸೀಲ್ದಾರ ವರ್ಗ ಆದನೇನಬೇ?" ಎಂದಳು.

ಎಲ್ಲರೂ ಸಂತೋಷವಾಗಿದ್ದಾರೆ. ನಾನೂ ಆಗಿದ್ದೆ. ನಮಾಜ್ ಆದ ಮೇಲೆ ಶುಕ್ರಿಯಾ ಹೇಳುತ್ತಿರುವಾಗ ನಿನ್ನ ಹಳೆಯ ಪತ್ರ ನೆನಪಾಯಿತು. ನಿಮಗೆ ಕೆಟ್ಟ ವರ್ಷ, ನಮಗೆ ಒಳ್ಳೆಯ ವರ್ಷ ಎಂದಿದ್ದೆ. ಹಾಗಾದರೆ ಈಗ ತಿರುಗುಮುರುಗಾಗಬೇಕಲ್ಲ? ಕೈ ಎತ್ತಿಕೊಂಡು ಕೂತವಳಿಗೆ ಮುಂದೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಮಳೆ ಬೇಡ ಎನ್ನಲು ಬಾಯಿ ಬರುವುದಿಲ್ಲ, ಇಷ್ಟು ಮಂದಿಯ ಅನ್ನ ಅದು. ಬೇಕು ಎನ್ನಲೂ ಬರಲಿಲ್ಲ. ಅಷ್ಟಕ್ಕೇ ಚಾಪೆ ಮಡಚಿ ಎದ್ದೆ.

ಜುಲೈ ಮೂರರ ಟಿಕೆಟ್ಟನ್ನು ಹಿಂದಕ್ಕೆ ಮಾಡಲು ಆಗುತ್ತದೋ? ಒಂದು ವಾರ ಮೊದಲೇ ಬಾ. ಇಬ್ರಾಹಿಂಸಾಬರಿಗಾಗಿ ಹೇಳುತ್ತಿಲ್ಲ.

ನಿನ್ನ ಅಮ್ಮಿ
ದೌಲತಬಿ


ಕರಿಯಾಕೂ
30 ಜೂನ್ 2024

ಅಮ್ಮಿ,

ಬೇಗ ಬೇಗ ಬರೆಯುತ್ತಿದ್ದೇನೆ. ಒಂದು ಚಂಡಮಾರುತ ನೇರ ನಮ್ಮ ಕಡೆಗೆ ಬರುತ್ತಿದೆ. ಬೆರಿಲ್ ಎಂದು ಹೆಸರಿಟ್ಟಿದ್ದಾರೆ. ಮೊನ್ನೆ ಸಾದಾ ಬಿರುಗಾಳಿ ಎಂದಿದ್ದರು, ಇವತ್ತು ಬಹಳ ದೊಡ್ಡದು ಎನ್ನುತ್ತಿದ್ದಾರೆ. ಜೂನ್‌ನಲ್ಲಿ ಇಂಥದ್ದು ಇಲ್ಲಿಯ ಮುದುಕರೂ ನೋಡಿಲ್ಲ. ನಾಳೆ ಬೆಳಗ್ಗೆ ತಲುಪುತ್ತದೆ.

ರೋಗಿಗಳನ್ನು ಕೆಳಗಿನ ಸಾಮಾನು ಕೋಣೆಗೆ ಇಳಿಸಿದ್ದೇವೆ. ಅದಕ್ಕೆ ಕಾಂಕ್ರೀಟ್ ಮೇಲ್ಛಾವಣಿ ಇದೆ. ಕಿಟಕಿಗಳಿಗೆ ಹಲಗೆ ಹೊಡೆದಾಯಿತು. ನನ್ನ ಬ್ಯಾಗು ಕಟ್ಟಿಯೇ ಇದೆ, ಊರಿಗೆಂದು ಕಟ್ಟಿದ್ದು.

ಫೋನ್ ಹತ್ತದಿದ್ದರೆ ಹೆದರಬೇಡ. ಟವರ್ ಬೀಳುತ್ತವೆ.

ಮುಬಶೀರಾ


ಹುನಗುಂದ
3 ಜುಲೈ 2024

ಬೇಟಿ,

ನೇತ್ರಾ ಬಂದು ಇಲ್ಲೇ ಉಳಿದಿದ್ದಾಳೆ. ಮೊಬೈಲಿನಲ್ಲಿ ಮೊನ್ನೆಯ ಉಪಗ್ರಹದ ಚಿತ್ರ ತೋರಿಸಿದಳು. ಬೆಳ್ಳಗೆ ಸುತ್ತಿಕೊಂಡಿದೆ, ನಡುವೆ ಒಂದು ತೂತು. ಆ ತೂತಿನಲ್ಲಿ ನಿಮ್ಮ ಊರು ಎಂದಳು. ನಾನು ನಂಬಲಿಲ್ಲ, ಇನ್ನೊಮ್ಮೆ ತೋರಿಸು ಎಂದೆ.

ನೀನು ಇವತ್ತು ವಿಮಾನ ಹತ್ತಬೇಕಿತ್ತು.

ಅಮ್ಮಿ


ಹುನಗುಂದ
9 ಜುಲೈ 2024

ಬೇಟಿ,

ಹಿಂದಿನ ಪತ್ರ ನಿನಗೆ ಮುಟ್ಟಿಲ್ಲ ಎಂದು ಆರಿಫಾ ಹೇಳುತ್ತಾಳೆ. ಫೋನಿನಲ್ಲಿ ಒಂದೇ ಟಿಕ್ಕು ತೋರಿಸುತ್ತದಂತೆ, ಎರಡು ಬಿದ್ದರೆ ಮುಟ್ಟಿದ ಹಾಗೆ. ಜಹೀರ ದಿಲ್ಲಿಗೆ, ಎಲ್ಲೆಲ್ಲಿಗೋ ಫೋನ್ ಹಚ್ಚಿ ಕೂತಿದ್ದಾನೆ. ಆಸ್ಪತ್ರೆಯವರಿಗೆಲ್ಲ ಜೀವಕ್ಕೆ ಅಪಾಯವಿಲ್ಲ ಎಂದು ಯಾರೋ ಹೇಳಿದರಂತೆ. ಹೆಸರು ಹೇಳಲಿಲ್ಲ.

ರೊಟ್ಟಿ ಕೇಂದ್ರ ಮುಚ್ಚೋಣ ಎಂದರು. ಬೇಡ ಎಂದೆ. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ.

ಹೊರಗೆ ಮಳೆ ಹತ್ತಿದೆ. ನನಗೆ ಕೇಳಿಸುವುದಿಲ್ಲ, ಅದೇ ಒಳ್ಳೆಯದು.

ಅಮ್ಮಿ


ಗ್ರೆನಡಾ
19 ಜುಲೈ 2024

ಅಮ್ಮಿಗೆ ಸಲಾಂ.

ಬದುಕಿದ್ದೇನೆ. ಒಂದು ಗೀರು ಬಿಟ್ಟರೆ ಮೈಗೆ ಏನೂ ಆಗಿಲ್ಲ. ಗಾಯಾಳುಗಳ ಜೊತೆ ದೊಡ್ಡ ದ್ವೀಪಕ್ಕೆ ಹಡಗಿನಲ್ಲಿ ಬಂದೆ, ಇಲ್ಲಿ ನೆಟ್‌ವರ್ಕ್ ಇದೆ. ನಿನ್ನ ಎರಡೂ ಪತ್ರಗಳು ಒಟ್ಟಿಗೇ ಬಂದವು.

ಏನಾಯಿತೆಂದು ಬರೆಯುತ್ತೇನೆ, ಇಲ್ಲದಿದ್ದರೆ ನೀನು ಇದಕ್ಕಿಂತ ಕೆಟ್ಟದ್ದನ್ನು ಕಲ್ಪಿಸಿಕೊಳ್ಳುತ್ತೀ.

ಜುಲೈ ಒಂದರ ಬೆಳಗ್ಗೆಯೇ ಗಾಳಿ ಶುರುವಾಯಿತು. ಸಾಮಾನು ಕೋಣೆಯಲ್ಲಿ ರೋಗಿಗಳು, ನಾವು ನರ್ಸುಗಳು, ಹತ್ತಿರದ ಮನೆಗಳ ಜನ. ಕೆಲ್ವಿನ್ ಕೂಡ ಇದ್ದ. ರಸ್ತೆಯಾಚೆ ಮಿಸ್ ಐವಿ ಎಂಬ ಮುದುಕಿ ಒಬ್ಬಳೇ ಇರುತ್ತಾಳೆ. ಅವನು ಎರಡು ಸಲ ಹೋಗಿ ಕರೆದಿದ್ದ, ಬರಲಿಲ್ಲ. ಅವಳ ಗಂಡ ಕಟ್ಟಿದ ಮನೆಯಂತೆ. ನಡುಹಗಲಿಗೆ ಮೊದಲು ಮೇಲಿನ ವಾರ್ಡಿನ ಛಾವಣಿ ಹೋಯಿತು. ನಾವು ನೋಡಲಿಲ್ಲ, ಅದರ ಸದ್ದು ಕೇಳಿದೆವು. ಇಳಕಲ್ಲಿನ ಕ್ವಾರಿಯಲ್ಲಿ ಬಂಡೆ ಸಿಡಿಸುತ್ತಾರಲ್ಲ, ಹಾಗೆ. ಮಕ್ಕಳು ಅಳುವುದನ್ನೂ ನಿಲ್ಲಿಸಿದವು.

ಆಮೇಲೆ ಒಮ್ಮೆಲೇ ಎಲ್ಲ ನಿಂತಿತು. ನೇತ್ರಾ ತೋರಿಸಿದ ತೂತು ಅದು. ಬಾಗಿಲು ತೆಗೆದರೆ ಬಿಸಿಲು. ಗುಡ್ಡದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ, ಬೆಂಕಿ ಬಿದ್ದ ಹಾಗಿತ್ತು. ಮಿಸ್ ಐವಿಯ ಮನೆಗೆ ತಗಡು ಇರಲಿಲ್ಲ. ಕೆಲ್ವಿನ್ ಹೊರಗೆ ನಡೆದ. ಮೇಟ್ರನ್ ಕೂಗಿದಳು, ಮುಗಿದಿಲ್ಲ, ಇನ್ನರ್ಧ ಬಾಕಿ ಇದೆ, ಹಿಂದಿನಿಂದ ಬರುತ್ತದೆ ಎಂದು. ಅವನಿಗೂ ಗೊತ್ತಿತ್ತು. ಕೈ ಎತ್ತಿ, ಬಂದೆ ಎಂದು ಸನ್ನೆ ಮಾಡಿ ಹೋದ.

ಗಾಳಿ ತಿರುಗಿ ಬಂತು. ಈ ಸಲ ಆ ಕಡೆಯಿಂದ, ಬಾಗಿಲಿನ ಮೇಲೆಯೇ. ಒಳಗೆ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಬಾಗಿಲಿಗೆ ಅಡ್ಡಪಟ್ಟಿ ಹಾಕಿದವಳು ನಾನು.

ಈಗ ಊರಿನಲ್ಲಿ ಮನೆಗಳಿಲ್ಲ ಎಂದರೆ ಸರಿ. ತಗಡು ಹೋಯಿತೆಂದರೆ ನೆರಳೊಂದೇ ಅಲ್ಲ, ನೀರೂ ಹೋಯಿತು. ಟಾಕಿಗಳಲ್ಲಿ ಇದ್ದದ್ದಕ್ಕೆ ಉಪ್ಪು, ಕಸ ಬೆರೆತಿದೆ. ಹಡಗಿನಲ್ಲಿ ಬಾಟಲಿ ನೀರು ಬರುತ್ತದೆ. ನಾವು ಡೇರೆಯಲ್ಲಿ ದವಾಖಾನೆ ನಡೆಸುತ್ತಿದ್ದೇವೆ. ಹೆಚ್ಚಿನವರು ಮೊಳೆ ತುಳಿದು ಬರುತ್ತಾರೆ.

ನಾಡಿದ್ದು ಮತ್ತೆ ಕರಿಯಾಕೂಗೆ ಹೋಗುತ್ತೇನೆ. ರಜೆ ಈಗ ಆಗುವುದಿಲ್ಲ. ಇಬ್ರಾಹಿಂಸಾಬರಿಗೆ ತಿಳಿಸಿಬಿಡು.

ನಿನ್ನ
ಮುಬಶೀರಾ


ಹುನಗುಂದ
11 ಆಗಸ್ಟ್ 2024

ಮುಬಶೀರಾ ಬೇಟಿಗೆ ದುವಾ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ. ಮೊದಲ ಸಲ ಓದುವಾಗ ನೀನು ಬದುಕಿದ್ದೀ ಎಂಬುದು ಬಿಟ್ಟು ಬೇರೇನೂ ತಲೆಗೆ ಹೋಗಲಿಲ್ಲ. ಜಹೀರ ಅಂಗಳದಲ್ಲಿ ನಿಂತು ಅತ್ತ. ಅವನು ಅಳುವುದನ್ನು ನಿಮ್ಮ ಅಬ್ಬಾ ತೀರಿಕೊಂಡಾಗ ನೋಡಿದ್ದೆ.

ಇಲ್ಲಿ ಹೆಸರು ಚೆನ್ನಾಗಿ ಬಂದಿದೆ. ಅದನ್ನು ಬರೆಯಲೋ ಬೇಡವೋ ಎಂದುಕೊಂಡೆ. ನನ್ನ ಶುಕ್ರಿಯಾದಿಂದಲೇ ನಿಮ್ಮಲ್ಲಿ ಹೀಗಾಯಿತೇನೋ ಎಂಬ ಹುಳ ಕೊರೆಯುತ್ತಿತ್ತು. ನೇತ್ರಾಳ ಮುಂದೆ ಹೇಳಿದೆ. ಅವಳಿಗೆ ಸಿಟ್ಟೇ ಬಂತು. ಕಾಗದ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ನಿಮ್ಮ ದುವಾಕ್ಕ ಅಷ್ಟ ಜೋರ ಇದ್ದಿದ್ರ ಹ್ವಾದ ವರ್ಷ ಮಳಿ ಯಾಕ ಬರಲಿಲ್ರಿ ಅಮ್ಮಿ?" ಆಮೇಲೆ ಸಮಾಧಾನದಿಂದ ತಿಳಿಸಿದಳು. ಲಾ ನಿನಾ ಇನ್ನೂ ಬಂದೇ ಇಲ್ಲವಂತೆ. ಈ ಬೆರಿಲ್ ಬಲಿತದ್ದು ನಿಮ್ಮ ಕಡೆಯ ಸಮುದ್ರ ಹೊತ್ತಿಗೆ ಮೊದಲೇ ಕುದಿದಿದ್ದರಿಂದ. ಪೆಸಿಫಿಕ್ ಒಂದು ಕಡೆಗೆ ತಕ್ಕಡಿಯನ್ನು ವಾಲಿಸುತ್ತದೆ ಅಷ್ಟೇ, ತೂಗುವುದು ಬೇರೆ ಬೇರೆ ಕೈ ಎಂದಳು. ಪೂರ್ತಿ ತಿಳಿಯಿತು ಎನ್ನಲಾರೆ. ಆದರೆ ಆ ರಾತ್ರಿ ನಿದ್ದೆ ಬಂತು.

ಇಬ್ರಾಹಿಂಸಾಬರಿಗೆ ಬೇಡ ಎಂದು ಹೇಳಿ ಕಳಿಸಿದೆ. ಇನ್ನು ಆ ಮಾತು ಇಲ್ಲ.

ಈಗ ನಾನು ಒಂದು ಕೇಳುತ್ತೇನೆ. ಸುಳ್ಳು ಬರೆಯಬೇಡ. ಆ ಕೆಲ್ವಿನ್ ಎಂಬುವನು ಹೊರಗೆ ಹೋದ ಎಂದು ಬರೆದೆ. ನೀನು ಬಾಗಿಲು ಹಾಕಿದೆ ಎಂದು ಬರೆದೆ. ಆಮೇಲೆ ತಗಡು, ನೀರು, ಮೊಳೆ ಎಲ್ಲ ಬರೆದೆ. ಅವನು ಏನಾದ ಎಂದು ಬರೆಯಲಿಲ್ಲ. ನಾಲ್ಕು ಪತ್ರಗಳಿಂದ ಅವನ ಹೆಸರು ಓದುತ್ತಿದ್ದೇನೆ ಬೇಟಿ. ನನಗೆ ಕೇಳಿಸುವುದಿಲ್ಲ, ಕಾಣಿಸುತ್ತದೆ.

ಅವನು ಬದುಕಿದ್ದಾನೋ?

ನಿನ್ನ ಅಮ್ಮಿ
ದೌಲತಬಿ


ಕರಿಯಾಕೂ
6 ಅಕ್ಟೋಬರ್ 2024

ಅಮ್ಮಿಗೆ ಸಲಾಂ.

ಬದುಕಿದ್ದಾನೆ.

ನಾಲ್ಕು ಅಲ್ಲ, ಮೂರು ಪತ್ರ. ನಾನೂ ತೆಗೆದು ನೋಡಿದೆ.

ಅವನು ಮುದುಕಿಯ ಮನೆ ಮುಟ್ಟುವುದಕ್ಕೂ ಗಾಳಿ ತಿರುಗುವುದಕ್ಕೂ ಸರಿಹೋಯಿತು. ಹೊರಗೆ ಬರಲು ಆಗಲಿಲ್ಲ. ಅವಳನ್ನು ಎತ್ತಿಕೊಂಡು ಮನೆಯ ಬುಡದ ನೀರಿನ ಟಾಕಿಗೆ ಇಳಿದ. ಸೊಂಟದ ಮಟ್ಟ ನೀರಿತ್ತಂತೆ. ಗಾಳಿ ನಿಲ್ಲುವ ತನಕ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಮೇಲೆ ಗೋಡೆ ಬಿದ್ದು ಟಾಕಿಯ ಮೂಲೆ ಒಡೆದು ಅವನ ಕಾಲಿನ ಮೇಲೆ ಬಂತು. ಮರುದಿನ ಬೆಳಗ್ಗೆ ನಮಗೆ ಮುದುಕಿಯ ಬೈಗುಳ ಕೇಳಿಸಿತು, ಅದರಿಂದ ಗೊತ್ತಾಯಿತು. ಡೇರೆಯಲ್ಲಿ ಎರಡು ವಾರದ ಮೇಲೆ ಗಾಯ ಕೀವು ಹಿಡಿಯಿತು, ಆ ಗಾಯಾಳುಗಳ ಹಡಗಿನಲ್ಲಿ ನಾನು ಗ್ರೆನಡಾಕ್ಕೆ ಹೋದದ್ದು ಅವನ ಜೊತೆಗೇ. ನಿನಗೆ ಪತ್ರ ಬರೆದ ದಿನ ಡಾಕ್ಟರು ಕಾಲು ಉಳಿಯುತ್ತದೋ ಇಲ್ಲವೋ ಎನ್ನುತ್ತಿದ್ದರು. ಬರೆಯಲು ಕೈ ಬರಲಿಲ್ಲ. ಕಾಲು ಉಳಿಯಿತು. ಮೊಣಕಾಲು ಮಡಚುವುದಿಲ್ಲ.

ಬಾಗಿಲು ಹಾಕಿದವಳು ನಾನೇ ಎಂದು ಅವನಿಗೆ ಹೇಳಿದೆ. "ಹಾಕದಿದ್ದರೆ ಬಯ್ಯುತ್ತಿದ್ದೆ" ಎಂದ. ಅಷ್ಟೇ ಹೇಳಿದ್ದು.

ಆಗಸ್ಟ್‌ನಲ್ಲಿ ಸಮುದ್ರ ಶಾಂತವಾಗಿತ್ತು. ಅಂದಾಜು ತಪ್ಪಿತು, ಹೆದರಿಸಿದರು ಎಂದು ಕೆಲವರು ಆಡಿಕೊಂಡರು. ಸೆಪ್ಟೆಂಬರ್ ಕೊನೆಗೆ ಮತ್ತೆ ಒಂದರ ಹಿಂದೊಂದು ಏಳತೊಡಗಿವೆ. ನಮ್ಮ ಕಡೆ ಬಂದಿಲ್ಲ, ಬೇರೆಯವರ ಊರು ಮುಳುಗಿಸಿವೆ. ತಲೆಯ ಮೇಲೆ ಇನ್ನೂ ತಾಡಪತ್ರಿಯೇ ಇದೆ. ಮಳೆ ಬಂದರೆ ಎಲ್ಲರೂ ಎದ್ದು ಪಾತ್ರೆ ಹಿಡಿಯುತ್ತಾರೆ.

ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೇಳದ್ದಕ್ಕೂ ಕೊಡುತ್ತೇನೆ. ನಾವಿಬ್ಬರೂ ಜನವರಿಯಲ್ಲಿ ಮದುವೆಯಾಗುತ್ತೇವೆ, ರಿಜಿಸ್ಟರ್ ಆಫೀಸಿನಲ್ಲಿ. ಅವನು ಇಗರ್ಜಿಗೆ ಹೋಗುವವನು. ನನ್ನ ನಮಾಜಿಗೆ ಅಡ್ಡ ಬರುವುದಿಲ್ಲ ಎಂದಿದ್ದಾನೆ. ಬಂದಿಲ್ಲ ಕೂಡ. ಬಿರುಗಾಳಿ ಬಂದದ್ದರಿಂದ ಹೀಗೆ ನಿರ್ಧಾರ ಮಾಡಿದೆ ಎಂದುಕೊಳ್ಳಬೇಡ. ರಜೆಗೆ ಬಂದಾಗ ನಿನ್ನೆದುರು ಕೂತು ಹೇಳಬೇಕು ಎಂದುಕೊಂಡಿದ್ದೆ.

ಜಹೀರಣ್ಣನಿಗೆ ನಾನೇ ಬೇರೆ ಬರೆಯುತ್ತೇನೆ.

ನಿನ್ನ
ಮುಬಶೀರಾ


ಕರಿಯಾಕೂ
22 ಡಿಸೆಂಬರ್ 2024

ಅಮ್ಮಿಗೆ ಸಲಾಂ.

ಪತ್ರ ಓದಿದ್ದೀ ಎಂದು ಆರಿಫಾ ಭಾಬಿ ತಿಳಿಸಿದರು. ಅಣ್ಣ ನನ್ನ ನಂಬರನ್ನು ತೆಗೆದುಹಾಕಿದ್ದು ನನಗೆ ಗೊತ್ತಾಗಿದೆ. ನಾನು ಬರೆದು ಹನ್ನೊಂದು ವಾರವಾಯಿತು, ನಿನ್ನ ಉತ್ತರವಿಲ್ಲ. ಬಯ್ದಾದರೂ ಬರಿ.

ಮದುವೆ ಜನವರಿ ಹನ್ನೊಂದಕ್ಕೆ. ಮನೆಗೆ ತಗಡು ಹೊದಿಸುತ್ತಿದ್ದಾರೆ. ಕೆಲ್ವಿನ್ ಕೆಳಗೆ ಕುರ್ಚಿಯಲ್ಲಿ ಕೂತು ಮೇಲಿನವರಿಗೆ ಹೇಳಿಕೊಡುತ್ತಾನೆ. ಹತ್ತಲು ಆಗುವುದಿಲ್ಲ, ಅದಕ್ಕೆ ಸಿಡುಕು ಬೇರೆ.

ಮುಬಶೀರಾ


ಹುನಗುಂದ
18 ಮಾರ್ಚ್ 2025

ಮುಬಶೀರಾ ಬೇಟಿಗೆ ಅಮ್ಮಿಯ ದುವಾ.

ಬಹಳ ದಿನ ಬರೆಯಲಿಲ್ಲ. ಸಿಟ್ಟಿತ್ತು, ಇಲ್ಲ ಎನ್ನುವುದಿಲ್ಲ. ಅವನು ನಮ್ಮವನಲ್ಲ ಎಂಬುದು ಒಂದು. ನಾನಿಲ್ಲದೆ ಮದುವೆಯಾದೆ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆ ಎಂದು ನೋಡಿಕೊಳ್ಳಲು ಇಷ್ಟು ದಿನ ಹಿಡಿಯಿತು. ಎರಡನೆಯದೇ.

ಜನವರಿ ಹನ್ನೊಂದರಂದು ನಾನು ಯಾರಿಗೂ ಹೇಳದೆ ಕೇಂದ್ರದ ಹೆಂಗಸರಿಗೆಲ್ಲ ಶೀರಾ ಮಾಡಿ ಹಾಕಿದೆ. ರಂಗವ್ವ "ಇವತ್ತ ಏನ್ ವಿಶೇಷಬೇ?" ಎಂದು ಕೇಳಿದಳು. ಕೇಳಿಸಲಿಲ್ಲ ಎಂಬಂತೆ ಕೂತೆ. ಕಿವುಡಿಗೆ ಇಂಥ ಅನುಕೂಲವೂ ಉಂಟು.

ಜಹೀರ, "ಈ ಮನ್ಯಾಗ ಅಕಿ ಹೆಸರು ತಗೀಬ್ಯಾಡ್ರಿ" ಎಂದಿದ್ದ. ಕೂಗಿಯೇ ಹೇಳಿದ್ದ, ನನಗೂ ಕೇಳಿಸುವಷ್ಟು. "ಮನಿ ನಂದೈತಿ. ಯಾರ ಹೆಸರು ತಗೀಬೇಕು ಅನ್ನೂದು ನಾ ನೋಡ್ಕೋತೀನಿ" ಎಂದೆ. ಎರಡು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಆರಿಫಾ ನಡುವೆ ಸಿಕ್ಕು ಬಡವಾದಳು.

ಆಮೇಲೆ ನಾನು ನೇತ್ರಾಳನ್ನು ಕರೆಸಿ ಒಂದು ಪ್ರಶ್ನೆ ಕೇಳಿದೆ. ಆ ದ್ವೀಪಕ್ಕೆ ಗಾಳಿಯ ಭಯವಿಲ್ಲದೆ ಹೋಗಬೇಕೆಂದರೆ ಯಾವ ತಿಂಗಳು? ಅವಳು ನನ್ನ ಮುಖ ನೋಡಿದಳು. "ಯಾರು ಹೋಗೂದು?" ಎಂದು ಕೇಳಲಿಲ್ಲ, ಜಾಣೆ. ಎಲ್ ನಿನೊ ಇರಲಿ, ಲಾ ನಿನಾ ಇರಲಿ, ಜೂನ್ ಒಳಗೆ ಹೋಗಿ ಬಂದುಬಿಟ್ಟರೆ ಬಹುತೇಕ ಚಿಂತೆಯಿಲ್ಲ ಎಂದಳು. ಈ ಸಲ ಹಿಂಗಾರಿ ಜೋಳವೂ ಚೆನ್ನಾಗಿ ಬಂದು ಕಣ ಮುಗಿದಿದೆ. ಕೇಂದ್ರವನ್ನು ರಂಗವ್ವ ನೋಡಿಕೊಳ್ಳುತ್ತಾಳೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದೆ. ದಾರಿಯ ಉಳಿದ ಕಾಗದಪತ್ರ ನೇತ್ರಾಳ ಜವಾಬ್ದಾರಿ.

ನಿನ್ನೆ ವಿಚಾರಣೆಗೆಂದು ಪೊಲೀಸಿನವನು ಮನೆಗೆ ಬಂದಿದ್ದ. ಚಿಕ್ಕ ವಯಸ್ಸಿನವನು. ಕುರ್ಚಿಯ ಮೇಲೆ ಕೂತು, ನನ್ನ ಕಡೆ ನೋಡಿ ಏನೋ ಕೇಳಿದ. ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದ. ಆರಿಫಾ ಒಳಗೆ ನೀರು ತರಲು ಹೋಗಿದ್ದಳು. ಜಹೀರ ಬಾಗಿಲಲ್ಲಿ ನಿಂತಿದ್ದ, ಇಳಕಲ್ಲಿಗೆ ಹೊರಟವನು, ಚಪ್ಪಲಿ ಮೆಟ್ಟಿಕೊಂಡೇ. ಅವನು ಅತ್ತ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಪೊಲೀಸಿನವನ ಕಡೆ ತಿರುಗಿ ಏನೋ ಹೇಳಿದ. ಎರಡೇ ಮಾತು. ಪೊಲೀಸಿನವನು ತಲೆಯಾಡಿಸಿ ಬರೆದುಕೊಂಡ. ಜಹೀರ ನನ್ನ ಮುಖ ನೋಡದೆ ಗಾಡಿ ಹತ್ತಿ ಹೋದ.

ಪೊಲೀಸಿನವನು ಹೋದ ಮೇಲೆ ಆರಿಫಾಳನ್ನು ಕೇಳಿದೆ, ಏನಂದ ಎಂದು. ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ತುಂಬಿತ್ತು, ಬಾಯಿಗೆ ಸೆರಗು ಹಿಡಿದಿದ್ದಳು, ತುಟಿ ನೋಡಿ ಓದಲು ನನಗೆ ಆಗಲಿಲ್ಲ. ಹಾಲಿನ ಚೀಟಿಯ ಹಿಂದೆ ಬರೆದು ತೋರಿಸಿದಳು.

ಪೊಲೀಸಿನವನು ಕೇಳಿದ್ದು: "ಇಷ್ಟ ವಯಸ್ಸಿನ್ಯಾಗ ಅಷ್ಟ ದೂರ ಯಾಕ ಹೊಂಟಾರ್ರಿ ಇವರು?"

ಜಹೀರ ಹೇಳಿದ್ದು: "ತಂಗಿ ಮನಿಗೆ."

ನಿನ್ನ ಅಮ್ಮಿ
ದೌಲತಬಿ